ಠಕ್ಕರ ಬೆನ್ನು ಹತ್ತಿದ ದಂಡಿನ ಸಾಹೇಬ

ಸಿರುಗುಪ್ಪದಿಂದ ಸಿಂಧನೂರಿಗೆ ಹೊರಟ ಬಸ್ಸು ತುಂಗಭದ್ರೆಯ ಸೇತುವೆ ದಾಟಲು ಎರಡು-ಮೂರು ನಿಮಿಷ ಸಾಕು. ಒಳಗೆ ಕೂತವರಿಗೆ ಅದು ಬಳ್ಳಾರಿ ಜಿಲ್ಲೆ ಮುಗಿದು ರಾಯಚೂರು ಜಿಲ್ಲೆ ಶುರುವಾಗುವ ಜಾಗ, ಅಷ್ಟೆ. ಆದರೆ 1800ರಿಂದ 1948ರವರೆಗೆ, ನಡುವಿನ ಒಂದೇಳು ವರ್ಷ ಬಿಟ್ಟರೆ, ಇದೇ ನೀರು ಎರಡು ಆಡಳಿತಗಳ ನಡುವಿನ ಗಡಿಯಾಗಿತ್ತು. ಈಚೆ ದಡ ಮದ್ರಾಸ್ ಪ್ರಾಂತಕ್ಕೆ ಸೇರಿದರೆ ಆಚೆ ದಡ ಹೈದರಾಬಾದಿನ ನಿಜಾಮನದು. ಹರಿಗೋಲು ಹತ್ತಿ ಹೊಳೆ ದಾಟಿದವನು ಒಂದು ಸರ್ಕಾರದ ಕೈಯಿಂದ ಜಾರಿ ಇನ್ನೊಂದರ ಸೀಮೆಗೆ ಹೋಗಿಬಿಡುತ್ತಿದ್ದ. ವ್ಯಾಪಾರಿಗೆ ಇದರಿಂದ ಸುಂಕದ ತಾಪತ್ರಯ. ಕೊಲೆ ಮಾಡಿ ಬಂದವನಿಗೆ ಇದೇ ಒಂದು ಅನುಕೂಲ.

ಆ ಕಾಲದಲ್ಲಿ ಕುರುಗೋಡಿನ ಹೊರಗೆ ಒಂದು ಹಾಳು ಬಾವಿಯಲ್ಲಿ ಅಪರಿಚಿತನ ಹೆಣ ಸಿಕ್ಕಿತು ಎಂದಿಟ್ಟುಕೊಳ್ಳಿ. ಕೊಂದವರು ಯಾರೆಂದು ಹುಡುಕುವವರು ಯಾರು? ಇಂದಿನ ಹಾಗೆ ಠಾಣೆ, ಇನ್‌ಸ್ಪೆಕ್ಟರ್, ಬೆರಳಚ್ಚು ಯಾವುದೂ ಇರಲಿಲ್ಲ. 1816ರ ಮದ್ರಾಸ್ ಕಾಯ್ದೆಯ ಪ್ರಕಾರ ಊರಿನ ಗೌಡನೇ ಪೊಲೀಸ್ ಮುಖ್ಯಸ್ಥ, ತಳವಾರನೇ ಪೇದೆ. ತಳವಾರನಿಗೆ ಊರಿನ ಕಳ್ಳನ ಹೆಜ್ಜೆ ಗುರುತು ಗೊತ್ತಿರುತ್ತದೆ. ದೂರದಿಂದ ಬಂದು, ದೂರದವನನ್ನೇ ಕೊಂದು, ಬೆಳಗಾಗುವುದರೊಳಗೆ ಹೊಳೆ ದಾಟಿದವನನ್ನು ಆತ ಎಲ್ಲಿ ಹಿಡಿದಾನು? ಸತ್ತವನ ಮನೆಯವರಿಗೆ ಅವನು ಸತ್ತ ಸುದ್ದಿಯೂ ಮುಟ್ಟುತ್ತಿರಲಿಲ್ಲ. ಯಾತ್ರೆಗೋ ವ್ಯಾಪಾರಕ್ಕೋ ಹೋದವನು ಬರಲಿಲ್ಲ ಎಂದರೆ ಹುಲಿಯೋ ಜ್ವರವೋ ಕಾರಣವಾಗಿರಬೇಕೆಂದು ಅಂದುಕೊಳ್ಳುತ್ತಿದ್ದರು.

ಪತ್ತೇದಾರ ಎಂದರೆ ನಮ್ಮ ಹಿಂದಿನ ತಲೆಮಾರಿನ ಓದುಗರಿಗೆ ಎನ್. ನರಸಿಂಹಯ್ಯನವರ ಪುರುಷೋತ್ತಮ ನೆನಪಾಗುತ್ತಾನೆ. ಇಂಗ್ಲಿಷ್ ಓದಿದವರಿಗೆ ಷರ್ಲಾಕ್ ಹೋಮ್ಸ್ ಮತ್ತು ಅವನ ಗೆಳೆಯ, ಅಫ್ಘಾನಿಸ್ತಾನದ ಯುದ್ಧದಿಂದ ಗಾಯಗೊಂಡು ಮರಳಿದ ಸೇನಾ ವೈದ್ಯ ವಾಟ್ಸನ್. ಇವರೆಲ್ಲರಿಗಿಂತ ಹಿಂದೆ, ದಂಡಿನ ಕೆಲಸ ಮತ್ತು ಪತ್ತೇದಾರಿಕೆ ಎರಡನ್ನೂ ಮಾಡಿ, ತಾನು ಕೇಳಿದ್ದನ್ನೇ ಕಾದಂಬರಿಯಾಗಿ ಬರೆದ ಒಬ್ಬ ಅಧಿಕಾರಿ ಇದ್ದ. ಆತ ಇದ್ದದ್ದು ಎಲ್ಲೋ ದೂರದಲ್ಲಲ್ಲ. ತುಂಗಭದ್ರೆಯನ್ನೂ ಕೃಷ್ಣೆಯನ್ನೂ ದಾಟಿದರೆ ಸಿಗುವ ಸುರಪುರದಲ್ಲಿ ಹನ್ನೆರಡು ವರ್ಷ ಆಡಳಿತ ನಡೆಸಿದ. ಅವನ ಹೆಸರು ಫಿಲಿಪ್ ಮೆಡೋಸ್ ಟೇಲರ್. ಕಾದಂಬರಿ ‘ಕನ್ಫೆಷನ್ಸ್ ಆಫ್ ಎ ಥಗ್’, ಅಂದರೆ ಒಬ್ಬ ಠಕ್ಕನ ತಪ್ಪೊಪ್ಪಿಗೆ. ಅದು ಲಂಡನ್ನಿನಲ್ಲಿ ಅಚ್ಚಾದದ್ದು 1839ರಲ್ಲಿ. ಜಗತ್ತಿನ ಮೊದಲ ಪತ್ತೇದಾರಿ ಕಥೆ ಎಂದು ವಿಮರ್ಶಕರು ಹೇಳುವ ಎಡ್ಗರ್ ಅಲನ್ ಪೋನ ಕಥೆ ಬಂದದ್ದು ಇನ್ನೂ ಎರಡು ವರ್ಷದ ನಂತರ. ಲಂಡನ್ ಪೊಲೀಸರು ಪತ್ತೇದಾರಿಗೆಂದೇ ಒಂದು ಶಾಖೆ ತೆರೆದದ್ದು 1842ರಲ್ಲಿ.

ಟೇಲರನ ಕಥೆಗೆ ಹೋಗುವ ಮುನ್ನ ಒಂದು ಕನ್ನಡ ಮಾತಿನ ಪ್ರಸ್ತಾಪ ಅಗತ್ಯ. ದಾರಿಹೋಕರ ಸ್ನೇಹ ಸಂಪಾದಿಸಿ, ಕೊರಳಿಗೆ ಕುಣಿಕೆ ಹಾಕಿ ಕೊಂದು ದೋಚುವ ತಂಡಗಳನ್ನು ಉತ್ತರದಲ್ಲಿ ಠಗ್ಗರು ಎಂದೂ ದಕ್ಷಿಣದಲ್ಲಿ ಫಾಂಸಿಗಾರರು ಎಂದೂ ಕರೆಯುತ್ತಿದ್ದರು. ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿದ್ದ ವೈದ್ಯ ರಿಚರ್ಡ್ ಷೆರ್‌ವುಡ್ 1816ರಲ್ಲಿ ಇವರ ಬಗ್ಗೆ ಒಂದು ಪ್ರಬಂಧ ಬರೆದ. ಕನ್ನಡದವರು ಇವರನ್ನು ‘ತಂತಿ ಕಳ್ಳರು’ ಎನ್ನುತ್ತಾರೆಂದು ಅದರಲ್ಲಿ ದಾಖಲಾಗಿದೆ. ತಂತಿ ಎಂದರೆ ಇಲ್ಲಿ ಕೊರಳಿಗೆ ಹಾಕುವ ಲೋಹದ ಅಥವಾ ನರದ ಎಳೆ. ಇಂದು ಈ ಮಾತು ಕೇಳಿದರೆ ವಿದ್ಯುತ್ ಇಲಾಖೆಯ ತಾಮ್ರ ಕದ್ದವರ ನೆನಪಾದೀತು! ಆದರೆ ಸಾಹೇಬರ ಕಡತಕ್ಕೆ ಬರುವ ಮೊದಲೇ ಜನರ ಬಾಯಲ್ಲಿ ಇದಕ್ಕೊಂದು ಹೆಸರಿತ್ತು. ಅಂದರೆ ಜನರಿಗೆ ವಿಷಯ ಗೊತ್ತಿತ್ತು. ಸರ್ಕಾರಕ್ಕೆ ಗೊತ್ತಾಗಲು ತಡವಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನ ಸುತ್ತ ಸುಮಾರು ನೂರು ಮಂದಿ ಇಂಥವರು ಸಿಕ್ಕಿಬಿದ್ದರೂ ಅವರದು ಬೇರೆಯೇ ಒಂದು ಬಗೆಯ ತಂಡವೆಂದು ಯಾರಿಗೂ ಹೊಳೆಯಲಿಲ್ಲ. 1807ರಲ್ಲಿ ಚಿತ್ತೂರು-ಆರ್ಕಾಟ್ ನಡುವೆ ಇನ್ನೊಂದು ತಂಡ ಸಿಕ್ಕಿತು. ಆಮೇಲಷ್ಟೇ ಮದ್ರಾಸ್ ಸರ್ಕಾರ ಕಣ್ಣು ಬಿಟ್ಟಿತು.

ಈ ವಿಷಯದಲ್ಲಿ ದಂಡಿಗೆ ತನ್ನದೇ ಆದ ಕಾಳಜಿಯೂ ಇತ್ತು. ಬಳ್ಳಾರಿಯಂಥ ಕಂಟೋನ್ಮೆಂಟುಗಳಲ್ಲಿ ಸಿಪಾಯಿಗಳು ತಿಂಗಳುಗಟ್ಟಲೆ ಸಂಬಳ ಕೂಡಿಟ್ಟು, ರಜೆ ಸಿಕ್ಕಾಗ ಹಣವನ್ನು ಸೊಂಟಕ್ಕೆ ಕಟ್ಟಿಕೊಂಡು ಊರಿಗೆ ನಡೆಯುತ್ತಿದ್ದ ಕಾಲ ಅದು. ರಜೆ ಮುಗಿದರೂ ಕೆಲವರು ಮರಳುತ್ತಿರಲಿಲ್ಲ. ಓಡಿಹೋದವರೆಂದು ಅವರ ಹೆಸರು ಹೊಡೆದು ಹಾಕುತ್ತಿದ್ದರು. 1810ರಲ್ಲಿ ಕಾನ್ಪುರದಲ್ಲಿದ್ದ ಮೇಜರ್ ಜನರಲ್ ಸೇಂಟ್ ಲೆಜರ್ ತನ್ನ ಸಿಪಾಯಿಗಳಿಗೆ ಒಂದು ಎಚ್ಚರಿಕೆ ಹೊರಡಿಸಿದ: ದಾರಿಯಲ್ಲಿ ಪರಿಚಯವಾದವರ ಜೊತೆ ಸೇರಬೇಡಿ, ನಗದು ಒಯ್ಯಬೇಡಿ, ಹುಂಡಿ ಮಾಡಿಸಿಕೊಂಡು ಹೋಗಿ. ಓಡಿಹೋದವರ ಪಟ್ಟಿಯಲ್ಲಿ ಎಷ್ಟು ಮಂದಿ ನಿಜವಾಗಿ ಮಣ್ಣಿನಡಿ ಇದ್ದರೋ ಯಾರು ಬಲ್ಲರು?

ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ಹದಿನೈದನೆಯ ವಯಸ್ಸಿಗೆ ಮುಂಬಯಿಯ ಒಬ್ಬ ವ್ಯಾಪಾರಿಯ ಬಳಿ ಕೆಲಸಕ್ಕೆಂದು ಬಂದರೆ ಆ ವ್ಯಾಪಾರಿ ದಿವಾಳಿಯ ಅಂಚಿನಲ್ಲಿದ್ದ. ಬಂಧುವೊಬ್ಬನ ವಶೀಲಿಯಿಂದ 1824ರಲ್ಲಿ ನಿಜಾಮನ ಸೇನೆಯಲ್ಲಿ ಹುದ್ದೆ ಸಿಕ್ಕಿತು. ನಿಜಾಮನ ಸೇನೆ ಎಂದರೆ ಸಂಬಳ ನಿಜಾಮನದು, ಅಧಿಕಾರಿಗಳು ಇಂಗ್ಲಿಷರು. ಹುಡುಗ ಉರ್ದು-ಪಾರಸಿ ಕಲಿತ. ಇಪ್ಪತ್ತು ತುಂಬುವ ಹೊತ್ತಿಗೆ ನಿಜಾಮ ರಾಜ್ಯದ ನೈಋತ್ಯ ಭಾಗದಲ್ಲಿ, ತುಳಜಾಪುರ-ನಳದುರ್ಗದ ಕಡೆ, ಪೊಲೀಸ್ ಮೇಲ್ವಿಚಾರಣೆಗೆ ಅವನನ್ನು ಹಾಕಿದರು. ಹಿಟ್ಟಿಗೆ ಮರಳು ಬೆರೆಸಿ ತುಳಜಾಪುರದ ಯಾತ್ರಿಕರಿಗೆ ಮಾರುತ್ತಿದ್ದ ಅಂಗಡಿಯವರನ್ನು ಕರೆಸಿ, ಅವರ ಹಿಟ್ಟಿನ ರೊಟ್ಟಿಯನ್ನೇ ಅವರಿಂದ ತಿನ್ನಿಸಿದೆ ಎಂದು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಕೇಳಲು ಚೆನ್ನಾಗಿದೆ. ಆದರೆ ಹಿಡಿಯುವವನು, ತೀರ್ಪು ಕೊಡುವವನು, ಶಿಕ್ಷೆ ಮಾಡಿಸುವವನು ಮೂವರೂ ಒಬ್ಬನೇ ಆಗಿದ್ದ ಕಾಲ ಅದೆಂಬುದೂ ಈ ತಮಾಷೆಯಿಂದಲೇ ತಿಳಿಯುತ್ತದೆ.

ಆ ದಿನಗಳಲ್ಲೇ ದಾರಿಬದಿಯ ಕೊಲೆಗಳು ಅವನ ಗಮನಕ್ಕೆ ಬಂದವು. ಬೆನ್ನು ಹತ್ತುವಷ್ಟರಲ್ಲಿ 1829ರಲ್ಲಿ ನಿಜಾಮ ಸಿಕಂದರ್ ಜಾ ತೀರಿಕೊಂಡ. ತನ್ನ ಜಿಲ್ಲೆಗಳಲ್ಲಿ ಇಂಗ್ಲಿಷ್ ಅಧಿಕಾರಿಗಳು ಬೇಡವೆಂದು ಹೊಸ ನಿಜಾಮ ಹೇಳಿದ್ದರಿಂದ ಟೇಲರ್ ಮತ್ತೆ ದಂಡಿಗೆ ಮರಳಬೇಕಾಯಿತು. ಹಾಗಾಗದಿದ್ದರೆ ಠಕ್ಕರ ಗುಟ್ಟು ಒಡೆದ ಕೀರ್ತಿ ತನ್ನದಾಗುತ್ತಿತ್ತು ಎಂಬ ಕೊರಗು ಅವನಿಗೆ ಕೊನೆಯವರೆಗೂ ಇತ್ತು. ಆ ಕೀರ್ತಿ ಹೋದದ್ದು ಜಬಲ್ಪುರ-ಸಾಗರದ ಕಡೆಯಿದ್ದ ಇನ್ನೊಬ್ಬ ದಂಡಿನ ಅಧಿಕಾರಿ ವಿಲಿಯಂ ಸ್ಲೀಮನ್‌ಗೆ.

ಹಿಂಗೋಲಿಯ ದಂಡಿನಲ್ಲಿದ್ದಾಗಿನ ಒಂದು ಪ್ರಸಂಗವನ್ನು ಟೇಲರ್ ಕಾದಂಬರಿಯ ಮುನ್ನುಡಿಯಲ್ಲಿ ಹೇಳುತ್ತಾನೆ. ಬಹುಶಃ ಕಾದಂಬರಿಗಿಂತ ಇದೇ ಹೆಚ್ಚು ಬೆಚ್ಚಿಬೀಳಿಸುತ್ತದೆ. ಹರಿಸಿಂಗ್ ಎಂಬ ಮರ್ಯಾದಸ್ಥ ವ್ಯಾಪಾರಿ ದಂಡಿನ ಬಜಾರಿನಲ್ಲಿದ್ದ. ಸಾಹೇಬರಿಗೆಲ್ಲ ಪರಿಚಯದವನು. ಮುಂಬಯಿಯಿಂದ ಬಟ್ಟೆ ತರಿಸುತ್ತೇನೆ, ಒಂದು ರಹದಾರಿ ಬರೆದುಕೊಡಿ ಎಂದು ಟೇಲರನನ್ನು ಕೇಳಿದ. ಟೇಲರ್ ಬರೆದುಕೊಟ್ಟ. ಆ ಬಟ್ಟೆ ಇನ್ನೊಬ್ಬ ವ್ಯಾಪಾರಿಯದು, ಆತ ಅದರೊಂದಿಗೆ ದಾರಿಯಲ್ಲಿದ್ದ. ಹರಿಸಿಂಗನ ತಂಡ ಆ ವ್ಯಾಪಾರಿಯನ್ನೂ ಆಳುಗಳನ್ನೂ ಎತ್ತು ಹೊಡೆಯುವವರನ್ನೂ ಕೊಂದು, ಟೇಲರ್ ಬರೆದುಕೊಟ್ಟ ರಹದಾರಿಯ ಬಲದಿಂದಲೇ ಸರಕನ್ನು ದಂಡಿಗೆ ತಂದು ಹಾಡಹಗಲೇ ಮಾರಿತು. ಹರಿಸಿಂಗ್ ಸಿಕ್ಕಿಬಿದ್ದ ಮೇಲೆ ತಾನೇ ಇದನ್ನು ನಗುತ್ತ ಹೇಳಿದ. ಆಗಲೇ ಟೇಲರ್‌ಗೆ ಗೊತ್ತಾದದ್ದು. ದಂಡಿನ ಪಹರೆಯಿಂದ ಕೆಲವು ನೂರು ಗಜ ದೂರದಲ್ಲೇ ಹೆಣಗಳನ್ನು ಅಗೆದು ತೆಗೆದರು.

ಹಾಗಾದರೆ ಇಂಥವರನ್ನು ಹಿಡಿದದ್ದು ಹೇಗೆ? ಪತ್ತೇದಾರಿ ಕಾದಂಬರಿಗಳಲ್ಲಿ ಬರುವಂತೆ ಸಿಗರೇಟಿನ ತುಂಡು, ಕೆಸರಿನ ಹೆಜ್ಜೆ ನೋಡಿ ಅಲ್ಲ. ಸ್ಲೀಮನ್ ಹೂಡಿದ ಉಪಾಯವೆಂದರೆ ಮಾಫಿ ಸಾಕ್ಷಿ. ಒಬ್ಬ ಠಕ್ಕನಿಗೆ ಪ್ರಾಣಭಿಕ್ಷೆ ಕೊಟ್ಟು ಅವನಿಂದ ಉಳಿದವರ ಹೆಸರು, ಊರು, ಸಂಬಂಧ, ಹೆಣ ಹೂತ ಜಾಗ ಹೇಳಿಸುವುದು. ಅವನ ಮಾತಿನ ಮೇಲೆ ಇನ್ನೊಬ್ಬನನ್ನು ಹಿಡಿದು, ಅವನಿಗೂ ಅದೇ ಆಸೆ ತೋರಿಸುವುದು. ಹೀಗೆ ಹೆಣೆದ ಬಲೆಗೆ ಮೂರು ಸಾವಿರಕ್ಕೂ ಹೆಚ್ಚು ಜನ ಬಿದ್ದರು. ನಾನೂರಕ್ಕೂ ಹೆಚ್ಚು ಮಂದಿಗೆ ಗಲ್ಲಾಯಿತು. ಹೆಣ ಅಗೆದು ಸಿಕ್ಕಲ್ಲಿ ಹೇಳಿಕೆಗೆ ಬಲ ಬರುತ್ತಿತ್ತು, ಇದು ನಿಜ. ಆದರೆ ಹೆಸರು ಹೇಳಿದರೆ ಜೀವ ಉಳಿಯುತ್ತದೆ ಎಂದು ಗೊತ್ತಿದ್ದವನು ಎಷ್ಟು ಹೆಸರು ಹೇಳುತ್ತಾನೆ? ಈ ಪ್ರಶ್ನೆಯನ್ನು ಅಂದು ಕೇಳಿದವರು ಕಡಿಮೆ.

1832ರ ಸುಮಾರಿಗೆ ಬಲೆ ಹೈದರಾಬಾದ್ ಸೀಮೆಗೂ ಹರಡಿತು. ಠಕ್ಕರ ಹೇಳಿಕೆಗಳನ್ನು ದಿನಗಟ್ಟಲೆ ಕೂತು ಬರೆದುಕೊಂಡವರಲ್ಲಿ ಟೇಲರ್‌ ಒಬ್ಬ. ಮುಂದೆ ಜ್ವರದಿಂದ ಹಾಸಿಗೆ ಹಿಡಿದು ಬಿಡುವಾದಾಗ ಅದನ್ನೇ ಕಾದಂಬರಿ ಮಾಡಿದ. ಕಥಾನಾಯಕ ಅಮೀರ್ ಅಲಿ. ಅವನ ಹೆತ್ತವರನ್ನು ಕೊಂದ ಠಕ್ಕನೇ ಅವನನ್ನು ಮಗನಂತೆ ಸಾಕುತ್ತಾನೆ. ಹುಡುಗ ಬೆಳೆದು ತಂಡದ ನಾಯಕನಾಗುತ್ತಾನೆ. ತಾನು ಕೊಂದವರು 719 ಮಂದಿ ಎಂದು ಲೆಕ್ಕ ಒಪ್ಪಿಸುತ್ತಾನೆ. ತಂಬಾಕು ತಾ ಎಂಬ ಮಾತೇ ಸಂಕೇತ. ಅದು ಕೇಳಿದೊಡನೆ ರುಮಾಲು ಕೊರಳಿಗೆ ಬೀಳುತ್ತದೆ. ಕೊನೆಗೆ ಒಂದು ತಾಯಿತದ ಗುರುತಿನಿಂದ, ತಾನು ಕೊಂದ ಒಬ್ಬಾಕೆ ತನ್ನ ಒಡಹುಟ್ಟಿದ ತಂಗಿ ಎಂದು ಅವನಿಗೆ ತಿಳಿಯುತ್ತದೆ. ವಿಕ್ಟೋರಿಯಾ ರಾಣಿ ಪುಸ್ತಕ ಬರುವವರೆಗೆ ಕಾಯಲಾರದೆ ಅಚ್ಚಿನಮನೆಯಿಂದ ಹಾಳೆಗಳನ್ನೇ ತರಿಸಿ ಓದಿದಳು ಎಂಬ ಮಾತು ಆಗ ಲಂಡನ್ನಿನಲ್ಲಿ ಹಬ್ಬಿತ್ತು.

ಈ ಕಾದಂಬರಿಯ ಕಟ್ಟೋಣ ವಿಚಿತ್ರವಾದದ್ದು. ಕೊಂದವನು ಯಾರೆಂದು ಮೊದಲ ಪುಟದಲ್ಲೇ ಗೊತ್ತು. ಪತ್ತೇದಾರನೂ ಇದ್ದಾನೆ, ಆದರೆ ಬಹುಮಟ್ಟಿಗೆ ಸುಮ್ಮನೆ ಕೂತಿರುತ್ತಾನೆ. ಅಮೀರ್ ಅಲಿ ‘ಸಾಹೇಬ್’ ಎಂದು ಕರೆದು ಕಥೆ ಹೇಳುತ್ತಲೇ ಹೋಗುತ್ತಾನೆ. ಸಾಹೇಬ ಕೇಳುತ್ತಾನೆ, ಆಗಾಗ ನಡುಗುತ್ತಾನೆ, ಬರೆದುಕೊಳ್ಳುತ್ತಾನೆ. ಓದುತ್ತ ಹೋದಂತೆ ಠಕ್ಕನ ಮೇಲೆ ಒಂದು ಬಗೆಯ ಮರುಳು ಹುಟ್ಟುವುದೂ ಉಂಟು. ಟೇಲರ್ ಅವನನ್ನು ರಾಕ್ಷಸನನ್ನಾಗಿ ಮಾಡಲಿಲ್ಲ, ಮಾತುಬಲ್ಲ ಮನುಷ್ಯನನ್ನಾಗಿ ಮಾಡಿದ. ಇದು ಅವನ ಹೆಚ್ಚುಗಾರಿಕೆ. ಆದರೆ ಅಮೀರ್ ಅಲಿ ಆಡುವ ಪ್ರತಿ ಮಾತೂ ಅವನನ್ನು ಹಿಡಿದವರ ಲೇಖನಿಯಿಂದ ಬಂದದ್ದು ಎಂಬುದನ್ನು ಓದುಗ ಮರೆತುಬಿಡುತ್ತಾನೆ. ಠಕ್ಕರೆಂದರೆ ಭವಾನಿಯ ಹೆಸರಿನಲ್ಲಿ ಕೊಲ್ಲುವ, ದೇಶವ್ಯಾಪಿಯಾದ, ವಂಶಪಾರಂಪರ್ಯದ ಗುಪ್ತ ಪಂಥ ಎಂಬ ಕಲ್ಪನೆ ಯುರೋಪಿನಲ್ಲಿ ಬೇರೂರಿದ್ದು ಸ್ಲೀಮನ್ನನ ವರದಿಗಳಷ್ಟೇ ಈ ಕಾದಂಬರಿಯಿಂದಲೂ. ನಂತರದ ಇತಿಹಾಸಕಾರರು ಇದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. 1969ರಲ್ಲಿ ಸ್ಟೂವರ್ಟ್ ಗಾರ್ಡನ್, 2007ರಲ್ಲಿ ಕಿಮ್ ವ್ಯಾಗ್ನರ್ ಮೊದಲಾದವರು ಹಳೆಯ ಕಡತಗಳನ್ನು ಮತ್ತೆ ಓದಿದರು. ಕೊಲೆಗಳು ನಡೆದದ್ದು ನಿಜ, ತಂಡಗಳಿದ್ದದ್ದೂ ನಿಜ. ಆದರೆ ಅದರ ಹಿಂದೆ ಇದ್ದದ್ದು ಬಹುಪಾಲು ಯುದ್ಧಗಳಿಂದ ಕೆಲಸ ಕಳೆದುಕೊಂಡ ಸೈನಿಕರು, ಪಾಲು ಪಡೆದು ಆಶ್ರಯ ಕೊಡುತ್ತಿದ್ದ ಜಮೀನುದಾರರು, ಬರ ಮತ್ತು ಹಸಿವು ಎಂಬುದು ಅವರ ಒಟ್ಟು ಅಭಿಪ್ರಾಯ.

ಗಡಿಯ ಹೊಳೆಯ ತೊಡಕಿಗೆ ಕಂಪನಿ ಕಂಡುಕೊಂಡ ಪರಿಹಾರ 1836ರ 30ನೇ ಕಾಯ್ದೆ. ಯಾವನೇ ಆಗಲಿ, ಕಂಪನಿಯ ಸೀಮೆಯ ಒಳಗಾಗಲಿ ಹೊರಗಾಗಲಿ, ಕಾಯ್ದೆ ಬರುವ ಮುಂಚೆಯಾಗಲಿ ಆಮೇಲಾಗಲಿ, ಠಕ್ಕರ ತಂಡಕ್ಕೆ ಸೇರಿದ್ದನೆಂದು ರುಜುವಾತಾದರೆ ಅವನಿಗೆ ಜೀವಾವಧಿ ಕಠಿಣ ಸಜೆ. ಯಾವ ಕೊಲೆ, ಯಾರನ್ನು, ಎಲ್ಲಿ, ಎಂದು ತೋರಿಸುವ ಅಗತ್ಯವೇ ಇಲ್ಲ. ಸೇರಿದ್ದವನು ಎಂದರೆ ಸಾಕು. ಹೊಳೆ ದಾಟಿ ತಪ್ಪಿಸಿಕೊಳ್ಳುವುದು ಇದರಿಂದ ನಿಂತಿತು. ಜೊತೆಗೆ, ಮಾಡಿದ ಕೆಲಸವನ್ನು ಬಿಟ್ಟು ಮನುಷ್ಯನನ್ನೇ ಅಪರಾಧವೆಂದು ಎಣಿಸುವ ಹೊಸದೊಂದು ಪದ್ಧತಿಯೂ ಕಾನೂನಿನೊಳಗೆ ಬಂತು.

ಆ ಪದ್ಧತಿ ಠಕ್ಕರ ಜೊತೆಗೆ ಮುಗಿಯಲಿಲ್ಲ. 1871ರಲ್ಲಿ ಉತ್ತರ ಭಾರತಕ್ಕೆಂದು ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ಮದ್ರಾಸ್ ಪ್ರಾಂತಕ್ಕೂ ಬಂತು. ಅಲ್ಲಿಗೆ ನಮ್ಮ ಬಳ್ಳಾರಿಯೂ ಅದರ ವ್ಯಾಪ್ತಿಗೆ ಬಂದಂತಾಯಿತು. ಅದಕ್ಕೂ ಮೊದಲೇ, 1892ರಲ್ಲಿ, ಮುಲ್ಲಾಲಿ ಎಂಬ ಮದ್ರಾಸಿನ ಪೊಲೀಸ್ ಅಧಿಕಾರಿ ‘ಅಪರಾಧಿ ವರ್ಗ’ಗಳ ಮೇಲೆ ಒಂದು ಪುಸ್ತಕ ಬರೆದಿದ್ದ. ಕೊರವರು, ಲಂಬಾಣಿಗಳು ಅದರಲ್ಲಿ ಸೇರಿದ್ದರು. ಎತ್ತಿನ ಮೇಲೆ ಉಪ್ಪು-ಧಾನ್ಯ ಹೇರಿಕೊಂಡು ಊರೂರು ತಿರುಗುತ್ತಿದ್ದ ಇವರ ವ್ಯಾಪಾರ ರೈಲು ಬಂದ ಮೇಲೆ, ಸರ್ಕಾರದ ಉಪ್ಪಿನ ನೀತಿ ಬಿಗಿಯಾದ ಮೇಲೆ ಕುಸಿದದ್ದನ್ನು ಮೀನಾ ರಾಧಾಕೃಷ್ಣ ವಿವರವಾಗಿ ಬರೆದಿದ್ದಾರೆ. ಅಲೆಯುವುದೇ ಅನುಮಾನಕ್ಕೆ ಕಾರಣವಾಯಿತು. ಹಾಜರಿ ಹಾಕಬೇಕು, ಊರು ಬಿಡಬೇಕಾದರೆ ಚೀಟಿ ಪಡೆಯಬೇಕು. ಒಂದು ಕಾಲಕ್ಕೆ ಇಂಥವರನ್ನು ಬೇಲಿಯೊಳಗೆ ಕೂಡಿದ ಜಾಗಗಳಿಗೆ ಹುಬ್ಬಳ್ಳಿ, ಗದಗಗಳಲ್ಲಿ ಜನ ಇವತ್ತಿಗೂ ಸೆಟ್ಲಮೆಂಟ್ ಎಂದೇ ಹೇಳುತ್ತಾರೆ. ಕಾಯ್ದೆ ದೇಶದಾದ್ಯಂತ ರದ್ದಾದದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ.

ಟೇಲರ್ ಈ ಮುಂದಿನ ಕಥೆಯನ್ನು ನೋಡಲಿಲ್ಲ. 1841ರಲ್ಲಿ ಆತ ಸುರಪುರಕ್ಕೆ ಬಂದ. ಬೇಡ ನಾಯಕರ ಸಂಸ್ಥಾನ ಅದು. ರಾಜ ತೀರಿಕೊಂಡು, ಎಳೆಯ ಮಗ ವೆಂಕಟಪ್ಪ ನಾಯಕನ ಹೆಸರಿನಲ್ಲಿ ರಾಣಿ ಈಶ್ವರಮ್ಮ ರಾಜ್ಯಭಾರ ಹಿಡಿದಿದ್ದಳು. ದಂಡಿನ ಅಧಿಕಾರಿಯಾಗಿದ್ದವನು ಈಗ ಕೆರೆ ಕಟ್ಟಿಸಿದ, ಕಂದಾಯ ಗೊತ್ತುಪಡಿಸಿದ, ಸುತ್ತಲಿನ ಬೃಹತ್ ಶಿಲಾ ಗೋರಿಗಳನ್ನು ಅಗೆದು ಪ್ರಾಚ್ಯ ಸಂಶೋಧನೆಯಲ್ಲೂ ಹೆಸರು ಮಾಡಿದ. ಜನ ಅವನನ್ನು ಮಹದೇವ ಬಾಬಾ ಎಂದು ಕರೆದರಂತೆ. ಹುಡುಗ ರಾಜ ಅವನನ್ನು ಅಪ್ಪ ಎನ್ನುತ್ತಿದ್ದ. ಬೆಟ್ಟದ ಮೇಲಿನ ಅವನ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಲ್ಲಿ ಉಳಿದುಕೊಂಡಿದೆ. ಹುಡುಗನ ಜಾತಕದಲ್ಲಿ ಇಪ್ಪತ್ತನಾಲ್ಕನೆಯ ವರ್ಷಕ್ಕೆ ಮರಣವಿದೆ ಎಂಬ ಗುಟ್ಟನ್ನು ರಾಣಿ ಒಮ್ಮೆ ಟೇಲರನ ಬಳಿ ಹೇಳಿದ್ದಳೆಂದು ಆತ್ಮಕಥೆಯಲ್ಲಿದೆ.

1853ರಲ್ಲಿ ಟೇಲರ್ ಸುರಪುರ ಬಿಟ್ಟು ನಳದುರ್ಗಕ್ಕೆ ಹೋದ. 1858ರ ಫೆಬ್ರುವರಿಯಲ್ಲಿ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ಎದ್ದ. ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ದೊಡ್ಡ ಸೇನೆ ಬರುತ್ತಿದ್ದಂತೆ ರಾಜ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕ. ಟೇಲರ್ ಸೆರೆಮನೆಗೆ ಹೋಗಿ ಅವನನ್ನು ಕಂಡ. ಮರಣದಂಡನೆ ಆಯಿತು, ಅದು ಇಳಿದು ಕೊನೆಗೆ ಮದ್ರಾಸಿನ ಹತ್ತಿರದ ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷದ ಸಜೆ ಎಂದಾಯಿತು. ನಡತೆ ಸರಿಯಿದ್ದರೆ ಸಂಸ್ಥಾನ ಮರಳಿ ಸಿಗುವ ಆಸೆಯೂ ಇತ್ತು. ಹೈದರಾಬಾದಿನಿಂದ ಹೊರಟ ಮೊದಲ ಬಿಡಾರದಲ್ಲೇ ರಾಜ ಗುಂಡೇಟಿನಿಂದ ಸತ್ತ. ಕಾವಲು ಅಧಿಕಾರಿ ರಿವಾಲ್ವರ್ ಇದ್ದ ನಡುಪಟ್ಟಿಯನ್ನು ಕಳಚಿಟ್ಟು ಡೇರೆಯ ಹೊರಗೆ ಹೋಗಿದ್ದ, ಒಳಗೆ ಗುಂಡಿನ ಸದ್ದು ಕೇಳಿತು, ರಾಜ ತಾನೇ ಹೊಡೆದುಕೊಂಡಿದ್ದ ಎಂಬುದು ಟೇಲರ್ ಬರೆದಿಟ್ಟ ವಿವರ. ಟೇಲರ್ ಅಲ್ಲಿರಲಿಲ್ಲ. ಆತ ಕೇಳಿ ಬರೆದದ್ದು.

ಶಿಕ್ಷೆ ಇಳಿದು, ರಾಜ್ಯ ಮರಳುವ ಆಸೆ ಹುಟ್ಟಿದ ಹೊತ್ತಿನಲ್ಲಿ ಒಬ್ಬ ಯುವಕ ಸಾಯಲು ಯಾಕೆ ಹೊರಟ? ಕೈದಿಯ ಡೇರೆಯಲ್ಲಿ ತುಂಬಿದ ರಿವಾಲ್ವರ್ ಬಿಟ್ಟು ಕಾವಲಿನವನು ಹೊರಗೆ ಹೋದದ್ದು ಹೇಗೆ? ಹೆಣಗಳ ಮೇಲೆ ಹೆಣ ಅಗೆಸಿ, ಠಕ್ಕರ ಬಾಯಿಂದ ಒಂದೊಂದು ಮಾತನ್ನೂ ಹೊರಡಿಸಿದ್ದ ಪತ್ತೇದಾರ ಇಲ್ಲಿ ಈ ಪ್ರಶ್ನೆಗಳನ್ನು ಎತ್ತುವುದಿಲ್ಲ. ರಾಜನಿಗೆ ಆಗ ಇಪ್ಪತ್ತನಾಲ್ಕು, ಜಾತಕ ಸುಳ್ಳಾಗಲಿಲ್ಲ ಎಂಬ ಕಡೆಗೆ ಅವನ ಬರಹ ಹೊರಳುತ್ತದೆ. ಮಗನಂತೆ ಕಂಡವನ ಸಾವನ್ನು ಹಾಗೆ ನಂಬಿಕೊಳ್ಳುವುದೇ ಅವನಿಗೆ ಸಹನೀಯವಾಗಿತ್ತೇನೋ. ಆದರೆ ಆ ಸಾವಿಗೆ ಅವನು ತನ್ನ ಪುಸ್ತಕದಲ್ಲಿ ದಾಖಲಿಸಿದ್ದು ಕಾವಲಿನವರ ಮಾತು ಮತ್ತು ಗ್ರಹಗಳ ಮಾತು, ಈ ಎರಡನ್ನೇ.

ಟೇಲರನನ್ನೇ ಮತ್ತೆ ಸುರಪುರಕ್ಕೆ ಕಮಿಷನರ್ ಮಾಡಿ ಕಳಿಸಿದರು. 1860ರಲ್ಲಿ ಸಂಸ್ಥಾನವನ್ನು ನಿಜಾಮನಿಗೆ ಇನಾಮಾಗಿ ಕೊಟ್ಟರು, 1853ರಲ್ಲಿ ಅವನಿಂದ ತೆಗೆದುಕೊಂಡಿದ್ದ ರಾಯಚೂರು ಸೀಮೆಯೂ ಅವನಿಗೆ ಮರಳಿತು. ಸಿರುಗುಪ್ಪದ ಎದುರಿನ ದಡ ಮತ್ತೆ ಬೇರೆ ರಾಜ್ಯವಾಯಿತು. ಆರೋಗ್ಯ ಕೆಟ್ಟ ಟೇಲರ್ ಅದೇ ವರ್ಷ ಊರು ಬಿಟ್ಟು ಸ್ವದೇಶಕ್ಕೆ ಹೊರಟ. 1876ರ ಮೇ ತಿಂಗಳಲ್ಲಿ ಫ್ರಾನ್ಸಿನ ಮಾಂತೋನ್‌ನಲ್ಲಿ ತೀರಿಕೊಂಡ. ಅವನ ಆತ್ಮಕಥೆಯನ್ನು ಮಗಳು ಸಂಪಾದಿಸಿ ಮರುವರ್ಷ ಪ್ರಕಟಿಸಿದಳು.